ಮಾತು ಕೇಳದ ಮಗುವೋ, ಮಾತು ಕೇಳಿಸದ ಮಗುವೋ: ಕಾಸರಗೋಡಿನ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಅಡೂರಿನವರೆಗೆ ಕನ್ನಡ, ತುಳು ಆಡುವ ಮನೆಗಳಲ್ಲಿ ಕಿವಿ ಕೇಳದ ಅಥವಾ ಅರ್ಧಂಬರ್ಧ ಕೇಳುವ ಮಕ್ಕಳನ್ನು ಸಾಕುತ್ತಿರುವವರಿಗಾಗಿ ಇದು. ಪರೀಕ್ಷೆ, ಆಪರೇಷನ್ ಬಗ್ಗೆ ಹೇಳುವವರು ಸಿಗುತ್ತಾರೆ. ಮಗುವಿನ ಮನಸ್ಸಿನ ಬಗ್ಗೆ ಕೇಳಲು ಜಾಗ ಸಿಗುವುದು ಕಡಿಮೆ. ಶ್ರವಣ ಸಾಧನವನ್ನು ಊರಿನವರು ಹೇಳುವ ಹಾಗೆ ‘ಮಿಷನ್’ ಎಂದೇ ಬರೆದಿದೆ.

ಸಿಕ್ಕಾಪಟ್ಟೆ ಹಠ, ಕಚ್ಚುವುದು, ನೆಲಕ್ಕೆ ಬಿದ್ದು ಹೊರಳುವುದು. ಕಿವಿ ಕೇಳದ ಮಕ್ಕಳ ಸ್ವಭಾವವೇ ಹೀಗಾ?

ಅಲ್ಲ. ‘ಮಗು ಮಾತು ಕೇಳುವುದಿಲ್ಲ’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಮನೆಯವರು ಹೇಳುವುದು ಒಂದು, ನಿಜವಾಗಿ ಆಗಿರುವುದು ಇನ್ನೊಂದು. ಕಿವುಡ ತಂದೆತಾಯಿಗೆ ಹುಟ್ಟಿ, ಮೊದಲ ದಿನದಿಂದಲೇ ಸನ್ನೆಭಾಷೆಯಲ್ಲಿ ಬೆಳೆದ ಕಿವುಡ ಮಕ್ಕಳು ಇನ್ನೊಬ್ಬರ ಮನಸ್ಸು ಅರಿಯುವುದರಲ್ಲಿ ಕೇಳುವ ಮಕ್ಕಳಿಗಿಂತ ಹಿಂದೆ ಬೀಳುವುದಿಲ್ಲ. ಹಿಂದೆ ಬೀಳುವುದು ಮನೆಯಲ್ಲಿ ಯಾರ ಜತೆಗೂ ಪೂರ್ತಿ ಮಾತಾಡಲು ಸಾಧ್ಯವಾಗದ ಮಕ್ಕಳು. ಹಾಗಾಗಿ ಗಮನ ಕೊಡಬೇಕಾದದ್ದು ಮನೆಯೊಳಗಿನ ಮಾತುಕತೆಗೆ.

ಎರಡೂವರೆ ವರ್ಷದ ಮಗುವಿಗೆ ಬೆಳಿಗ್ಗೆ ಅಂಗಿ ಹಾಕಿ ಬಸ್ಸಿಗೆ ಹತ್ತಿಸುತ್ತೀರಿ ಎನ್ನಿ. ಕೇಳುವ ಮಗುವಾದರೆ ‘ನಾಳೆ ಅಜ್ಜನಲ್ಲಿಗೆ ಹೋಗುವ’ ಎಂಬ ಮಾತು ಹಿಂದಿನ ರಾತ್ರಿಯೇ ಅದರ ಕಿವಿಗೆ ಬಿದ್ದಿರುತ್ತದೆ. ಈ ಮಗುವಿಗೆ ಏನೂ ಗೊತ್ತಿಲ್ಲ. ಹೋದ ಸಲ ಇದೇ ಬಸ್ಸು ಹತ್ತಿ ಇಳಿದಾಗ ಸೂಜಿ ಚುಚ್ಚಿದ್ದರು, ಅಷ್ಟು ನೆನಪಿದೆ. ಅದು ಬಸ್ಸಿನ ಬಾಗಿಲಲ್ಲಿ ಕಿರುಚುವುದು ಹಠದಿಂದಲ್ಲ, ಹೆದರಿಕೆಯಿಂದ.

ಹತ್ತು ಹನ್ನೆರಡು ಫೋಟೊ ಪ್ರಿಂಟ್ ಹಾಕಿಸಿ: ಬಸ್ಸು, ಅಜ್ಜನ ಮನೆ, ಆಸ್ಪತ್ರೆ, ಅಂಗನವಾಡಿ, ಅಂಗಡಿ, ಸ್ನಾನ, ಊಟ, ನಿದ್ದೆ. ಮಗುವಿನ ಕಣ್ಣಿನ ಎತ್ತರಕ್ಕೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಆ ದಿನದ ನಾಲ್ಕೈದು ಫೋಟೊ ಎಡದಿಂದ ಬಲಕ್ಕೆ ಸಿಕ್ಕಿಸಿ. ಮುಗಿದದ್ದನ್ನು ಮಗುವಿನ ಕೈಯಿಂದಲೇ ತಿರುಗಿಸಿ ಹಾಕಿಸಿ. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಸೂಜಿ ಇದ್ದರೆ ಸೂಜಿಯ ಚಿತ್ರವನ್ನೇ ತೋರಿಸಿ. ಅಜ್ಜನ ಮನೆ ತೋರಿಸಿ ಆಸ್ಪತ್ರೆಗೆ ಕರೆದೊಯ್ದರೆ ಮರುದಿನದಿಂದ ಆ ಹಗ್ಗವನ್ನು ಮಗು ನಂಬುವುದಿಲ್ಲ.

ಸಿಟ್ಟು ನೆತ್ತಿಗೇರಿದಾಗ, ಆ ಹೊತ್ತಿಗೆ ಏನು ಮಾಡುವುದು?

ಮಗುವಿನ ಮುಖದ ಮಟ್ಟಕ್ಕೆ, ಮೂರು ಅಡಿ ದೂರದಲ್ಲಿ ಕೂತುಕೊಳ್ಳಿ. ಕಿಟಕಿಗೆ ಬೆನ್ನು ಹಾಕಬೇಡಿ, ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ. ಸ್ವರ ಏರಿಸಬೇಡಿ. ಕಿರುಚಿದರೆ ಮಿಷನ್ನಿನಲ್ಲಿ ಮಾತು ಇನ್ನಷ್ಟು ಒಡೆಯುತ್ತದೆ, ತುಟಿಯ ಆಕಾರ ಕೆಡುತ್ತದೆ, ಕೊನೆಗೆ ಮಗುವಿಗೆ ದಾಟುವುದು ನಿಮ್ಮ ಸಿಟ್ಟಿನ ಮುಖ ಮಾತ್ರ.

ಗಲ್ಲ ಹಿಡಿದು ಮುಖ ತಿರುಗಿಸುವುದನ್ನು ಬಿಟ್ಟೇಬಿಡಿ. ಈ ಮಗು ಕಣ್ಣಿನಿಂದಲೂ ಕೇಳುತ್ತದೆ. ಕಣ್ಣು ಮುಚ್ಚಿಕೊಂಡಿದೆ ಎಂದರೆ ‘ಈಗ ಸಾಕು’ ಎಂದು ಹೇಳುತ್ತಿದೆ. ತಲೆ ಬಡಿದುಕೊಳ್ಳದಂತೆ, ಯಾರಿಗೂ ಹೊಡೆಯದಂತೆ ನೋಡಿಕೊಂಡು ಕಾಯಿರಿ. ಅದು ತಾನಾಗಿ ನೋಡಿದಾಗ ಒಂದೇ ಮಾತು, ಮುಖಭಾವ ಮತ್ತು ಕೈಸನ್ನೆಯ ಜತೆ: ‘ಸಿಟ್ಟು. ಚೆಂಡು ಬೇಕಿತ್ತು. ಸಿಗಲಿಲ್ಲ.’ ಆಮೇಲೆ ಎರಡು ಕೈಯಲ್ಲಿ ಎರಡು ನಿಜವಾದ ವಸ್ತು ಹಿಡಿದು ಯಾವುದು ಎಂದು ಕೇಳಿ. ತಣ್ಣಗಾದ ಹತ್ತು ನಿಮಿಷದ ಮೇಲೆ ಸ್ಲೇಟಿನಲ್ಲಿ ಕಡ್ಡಿಗೊಂಬೆಗಳನ್ನು ಬರೆದು ನಡೆದದ್ದನ್ನು ತೋರಿಸಿ. ಬುದ್ಧಿ ಹೇಳುವ ಸಮಯ ಅದು, ಅಳುವಾಗ ಅಲ್ಲ.

ಒಂದು ವಾರ ಪುಸ್ತಕದಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಸಿಟ್ಟು ಬಂತು, ಅದಕ್ಕೆ ಸ್ವಲ್ಪ ಮೊದಲು ಏನಾಗಿತ್ತು, ಆಮೇಲೆ ಮಗುವಿಗೆ ಏನು ಸಿಕ್ಕಿತು, ಮಿಷನ್ ಕಿವಿಯಲ್ಲಿ ಇತ್ತೇ, ಸೆಲ್ಲು ಜೀವಂತ ಇತ್ತೇ. ‘ಸುಮ್ಮನೆ ಸಿಟ್ಟು ಬರುತ್ತದೆ’ ಎನ್ನುವವರಿಗೆ ವಾರದ ಕೊನೆಗೆ ಒಂದು ಹೊತ್ತು, ಒಂದು ಜಾಗ ಎದ್ದು ಕಾಣುತ್ತದೆ.

ಮಿಷನ್ ಕಿತ್ತು ಬಿಸಾಡುತ್ತಾನೆ. ಬೈದರೂ ಕೇಳುವುದಿಲ್ಲ.

ಬೈಯುವ ಮೊದಲು ಕಾರಣ ಹುಡುಕಿ. ಕಿವಿಯ ಅಚ್ಚು, ಅಂದರೆ ಮಿಷನ್ನಿನ ಕಿವಿಯೊಳಗೆ ಕೂರುವ ಭಾಗ, ಚುಚ್ಚುತ್ತಿದೆಯೇ? ಕಿವಿಯ ಹಿಂದೆ, ಒಳಗೆ ಕೆಂಪಾಗಿದೆಯೇ ನೋಡಿ. ಸಣ್ಣ ಮಕ್ಕಳ ಕಿವಿ ಬೇಗ ಬೆಳೆಯುತ್ತದೆ, ಕೆಲವು ತಿಂಗಳಿಗೊಮ್ಮೆ ಅಚ್ಚು ಬದಲಿಸಬೇಕಾಗುತ್ತದೆ. ಕುಂಯ್ ಎಂದು ಸೀಟಿ ಹೊಡೆಯುತ್ತಿದ್ದರೆ ಅಚ್ಚು ಸಡಿಲವಾಗಿದೆ ಅಥವಾ ಸರಿಯಾಗಿ ಕೂತಿಲ್ಲ; ಕಿವಿಯಲ್ಲಿ ಗುಗ್ಗೆ ತುಂಬಿದ್ದರೂ ಸೀಟಿ ಬರುತ್ತದೆ. ಕಿವಿ ಸೋರುತ್ತಿದ್ದರೆ ಮಿಷನ್ ತೆಗೆದು ಮೊದಲು ಡಾಕ್ಟರ ಹತ್ತಿರ ಹೋಗಿ. ಪಾತ್ರೆ ಬಿದ್ದಾಗ, ಮಿಕ್ಸಿ ತಿರುಗಿದಾಗ ಮಾತ್ರ ಕಿತ್ತರೆ ದೊಡ್ಡ ಶಬ್ದದ ಮಿತಿ ಹೆಚ್ಚಾಗಿರಬಹುದು, ಆಡಿಯಾಲಜಿಸ್ಟ್ (ಕಿವಿ ಪರೀಕ್ಷಿಸಿ ಮಿಷನ್ ಹೊಂದಿಸುವ ತಜ್ಞರು) ಅದನ್ನು ಇಳಿಸಿಕೊಡುತ್ತಾರೆ. ಇದೊಂದೂ ಅಲ್ಲ, ಕಿತ್ತ ಕೂಡಲೇ ಇಡೀ ಮನೆ ಓಡಿ ಬರುತ್ತದೆ ಎಂದಾದರೆ ಮಗು ಅದನ್ನು ನಿಮ್ಮನ್ನು ಕರೆಯುವ ಗಂಟೆ ಮಾಡಿಕೊಂಡಿದೆ. ಆಗ ಮುಖದಲ್ಲಿ ಏನೂ ತೋರಿಸದೆ ಎತ್ತಿ, ಒರೆಸಿ, ಎರಡು ನಿಮಿಷ ಬಿಟ್ಟು ಮತ್ತೆ ಹಾಕಿ. ಹಾಕಿಕೊಂಡಿರುವಾಗ ಅದರ ಜತೆ ಆಡಿ.

ಹೊಸ ಮಿಷನ್ ಆದರೆ ಮಗುವಿಗೆ ಇಷ್ಟವಾದ ಆಟದ ಹೊತ್ತಿನಲ್ಲಿ ಶುರು ಮಾಡಿ. ದಿನಕ್ಕೆ ನಾಲ್ಕೈದು ಬಾರಿ, ಹತ್ತು ಹದಿನೈದು ನಿಮಿಷ, ಮಗು ಕೀಳುವ ಮೊದಲೇ ನೀವೇ ತೆಗೆಯಿರಿ. ದಿನದಿಂದ ದಿನಕ್ಕೆ ಹೆಚ್ಚಿಸುತ್ತ ಎಚ್ಚರವಿರುವಷ್ಟು ಹೊತ್ತೂ ಹಾಕುವ ಮಟ್ಟಕ್ಕೆ ತನ್ನಿ. ಶಿಕ್ಷೆಯೆಂದು ಮಿಷನ್ ತೆಗೆದಿಡಬೇಡಿ, ಶಿಕ್ಷೆಯೆಂದು ಹಾಕಲೂ ಬೇಡಿ.

ಬೆಳಿಗ್ಗೆ ಹಾಕಿದ ಮೇಲೆ ಮೂರು ಅಡಿ ದೂರದಲ್ಲಿ, ತುಟಿ ಕಾಣದಂತೆ ಕಾಗದ ಅಡ್ಡ ಹಿಡಿದು ಆರು ಸ್ವರ ಹೇಳಿ: ಆ, ಈ, ಊ, ಮ್, ಶ್, ಸ್. ಕೇಳಿದಾಗ ಮಗು ಡಬ್ಬಿಗೆ ಒಂದು ಪುಳಿಂಕೊಟೆ (ಹುಣಸೆ ಬೀಜ) ಹಾಕಲಿ. ನಿನ್ನೆ ಕೇಳುತ್ತಿದ್ದ ಸ್ವರ ಇವತ್ತು ಕೇಳದಿದ್ದರೆ ಸೆಲ್ಲು, ಟ್ಯೂಬು, ಗುಗ್ಗೆ, ಶೀತ ಎಂದು ಒಂದೊಂದಾಗಿ ನೋಡಿ. ಎರಡು ನಿಮಿಷದ ಈ ಕೆಲಸ ಆ ದಿನದ ಅರ್ಧ ಜಗಳವನ್ನು ಉಳಿಸುತ್ತದೆ.

ಮಳೆಗಾಲದಲ್ಲಿ ಮಗು ಮಂಕಾಗುತ್ತದೆ. ಮನಸ್ಸಿನ ತೊಂದರೆಯೇ?

ಮೊದಲು ಮಿಷನ್ನಿನ ತೊಂದರೆ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿಯಲ್ಲೇ ನೀರು. ಅಚ್ಚಿನ ಟ್ಯೂಬಿನೊಳಗೆ ಒಂದು ಹನಿ ನಿಂತರೆ ಸ್ವರ ಬಿಟ್ಟು ಬಿಟ್ಟು ಬರುತ್ತದೆ. ಪೂರ್ತಿ ಕೇಳದಿರುವುದಕ್ಕಿಂತ ಇದು ಹೆಚ್ಚು ಸತಾಯಿಸುತ್ತದೆ, ಮಗುವಿಗೆ ಹೇಳಲೂ ಬರುವುದಿಲ್ಲ.

ರಾತ್ರಿ ಸೆಲ್ಲು ತೆಗೆದು, ಸೆಲ್ಲಿನ ಬಾಗಿಲು ತೆರೆದು, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಮಿಷನ್ ಇಡಿ. ಸೆಲ್ಲನ್ನು ಡಬ್ಬಿಯ ಹೊರಗಿಡಿ, ಒಳಗಿಟ್ಟರೆ ಬೇಗ ಒಣಗಿ ಸಾಯುತ್ತದೆ. ಜೆಲ್ಲಿನ ಮಣಿ ಬಣ್ಣ ಬದಲಿಸಿದರೆ ಅದರ ಕೆಲಸ ಮುಗಿಯಿತು. ಒಲೆಯ ಮೇಲಿನ ಅಟ್ಟ, ಬಿಸಿಲು, ಹೇರ್ ಡ್ರೈಯರ್ ಯಾವುದೂ ಬೇಡ. ಟ್ಯೂಬಿನ ನೀರನ್ನು ರಬ್ಬರ್ ಬ್ಲೋವರಿನಿಂದ ತೆಗೆಯಿರಿ, ಬಾಯಿಯಿಂದ ಊದಿದರೆ ಇನ್ನಷ್ಟು ತೇವ.

ಕಿತ್ತಳೆ ಸ್ಟಿಕ್ಕರಿನ 13 ನಂಬರ್, ನೀಲಿಯ 675 ನಂಬರ್ ಸೆಲ್ಲುಗಳು ಗಾಳಿ ತಾಗಿದ ಮೇಲೆ ಕೆಲಸ ಮಾಡುವಂಥವು. ಸ್ಟಿಕ್ಕರ್ ತೆಗೆದು ಎರಡು ಮೂರು ನಿಮಿಷ ಬಿಟ್ಟು ಹಾಕಿ. ಸ್ಟಿಕ್ಕರ್ ತೆಗೆದ ಸೆಲ್ಲು ಬಳಸದಿದ್ದರೂ ಖಾಲಿಯಾಗುತ್ತದೆ. ಶಾಲೆಯ ಚೀಲದಲ್ಲಿ ಎರಡು ಸೆಲ್ಲು ಸದಾ ಇರಲಿ. ಮಗು ಸೆಲ್ಲು ನುಂಗಿದರೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಯಾವುದನ್ನು ಕಲಿಸುವುದು?

ಅಮ್ಮನಿಗೆ ಯೋಚಿಸದೆ ಬರುವ ಭಾಷೆ. ಮುದ್ದು ಮಾಡಲು, ಗದರಲು, ಕತೆ ಹೇಳಲು ಯಾವುದು ತಡವರಿಸದೆ ಬರುತ್ತದೋ ಅದೇ ಮೊದಲ ಭಾಷೆಯಾಗಲಿ, ಅದು ತುಳುವೋ ಬ್ಯಾರಿಯೋ ಹವ್ಯಕ ಕನ್ನಡವೋ ಮರಾಟಿಯೋ ಕೊಂಕಣಿಯೋ. ಥೆರಪಿಗಾಗಿ ಮನೆಯವರು ಬಾರದ ಭಾಷೆಯಲ್ಲಿ ನಾಲ್ಕೇ ವಾಕ್ಯ ಆಡಲು ತೊಡಗಿದರೆ ಮಗುವಿಗೆ ಸಿಗುವುದು ಆ ನಾಲ್ಕೇ ವಾಕ್ಯ. ಒಂದು ಭಾಷೆ ಬೇರೂರಿದ ಮೇಲೆ ಎರಡನೆಯದು ಬರುತ್ತದೆ.

ತುಟಿ ನೋಡಿ ತಿಳಿಯುತ್ತಾನೆ ಎಂದು ಪೂರ್ತಿ ನಂಬಬೇಡಿ. ಕನ್ನಡಿಯ ಮುಂದೆ ಸ್ವರ ಹೊರಡಿಸದೆ ‘ಬರ’, ‘ಮರ’, ‘ಪರ’ ಹೇಳಿ ನೋಡಿ, ಮೂರೂ ಒಂದೇ. ಕ, ಗ ಗಂಟಲಲ್ಲೇ ಹುಟ್ಟುವುದರಿಂದ ಕಾಣುವುದೇ ಇಲ್ಲ. ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡ ಅಜ್ಜನ ಮಾತು ಮಗುವಿಗೆ ತಲುಪುವುದಿಲ್ಲ. ಮೊಮ್ಮಗನ ಜತೆ ಮಾತಾಡುವ ಮೊದಲು ಉಗಿದು ಬನ್ನಿ ಎಂದು ಅಜ್ಜನಿಗೆ ಧೈರ್ಯವಾಗಿ ಹೇಳಬಹುದು.

ಕೈಸನ್ನೆ ಕಲಿಸಿದರೆ ಮಾತು ಬರುವುದಿಲ್ಲವಂತೆ?

ಇದು ತಪ್ಪು ಭಯ. ಸನ್ನೆ ಮಾತನ್ನು ತಡೆಯುವುದಿಲ್ಲ. ಮಾತು ಬರುವ ತನಕ ಮಗುವನ್ನು ಭಾಷೆಯಿಲ್ಲದೆ ಕಾಯಿಸುವುದೇ ಅಪಾಯ. ದೆಹಲಿಯ ಭಾರತೀಯ ಸನ್ನೆಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ಶುರುವಾಯಿತು, ಅವರ ಸನ್ನೆ ನಿಘಂಟಿನ ವೀಡಿಯೊಗಳನ್ನು ಫೋನಿನಲ್ಲೇ ನೋಡಿ ಕಲಿಯಬಹುದು. ದಿನಕ್ಕೆ ಮೂರು ಸನ್ನೆ ಸಾಕು, ಆದರೆ ಮನೆಯವರೆಲ್ಲ ಕಲಿಯಬೇಕು. ಅಮ್ಮ ಒಬ್ಬಳೇ ಕಲಿತರೆ ಅವಳು ಜೀವನವಿಡೀ ದುಭಾಷಿಯಾಗುತ್ತಾಳೆ.

ಖುಷಿ, ಸಿಟ್ಟು ಎರಡೇ ಗೊತ್ತು. ಉಳಿದ ಭಾವನೆಗಳನ್ನು ಕಲಿಸುವುದು ಹೇಗೆ?

ಕೇಳುವ ಮಕ್ಕಳು ‘ಬೇಜಾರು’, ‘ಹೊಟ್ಟೆಕಿಚ್ಚು’, ‘ನಾಚಿಕೆ’ ಎಂಬ ಪದಗಳನ್ನು ಪಾಠದಿಂದ ಕಲಿಯುವುದಿಲ್ಲ. ಅಮ್ಮ ಮತ್ತು ಚಿಕ್ಕಮ್ಮ ಜಗಲಿಯಲ್ಲಿ ಆಡುವ ಮಾತು ಕಿವಿಗೆ ಬಿದ್ದು ಕಲಿಯುತ್ತಾರೆ. ಈ ಮಗುವಿಗೆ ಆ ದಾರಿ ಮುಚ್ಚಿದೆ, ಹಾಗಾಗಿ ಬೇಕೆಂದೇ ತೋರಿಸಬೇಕು. ನಿಮ್ಮ ಭಾವನೆಯನ್ನೂ ಕಾರಣದ ಸಮೇತ ಹೇಳಿ: ‘ನನಗೆ ಬೇಜಾರು. ಅಜ್ಜಿಗೆ ಜ್ವರ.’ ಕಾರಣ ಹೇಳದೆ ಅಮ್ಮ ಅತ್ತರೆ ತಾನೇ ತಪ್ಪು ಮಾಡಿದೆ ಎಂದು ಮಗು ತಿಳಿಯುತ್ತದೆ.

ನಮ್ಮ ನೆಲದಲ್ಲಿ ಇದಕ್ಕೊಂದು ದೊಡ್ಡ ಶಾಲೆಯೇ ಇದೆ, ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ಹುಬ್ಬು, ಕಣ್ಣು, ಕೈ ಮಾತಾಡುವುದು ಹೊಸತಲ್ಲ. ಪ್ರಸಂಗದ ಕತೆಯನ್ನು ಹಿಂದಿನ ದಿನ ಚಿತ್ರ ಬರೆದು ಹೇಳಿ, ಚೆಂಡೆಯಿಂದ ದೂರ ಕೂರಿಸಿ. ಬಣ್ಣದ ವೇಷಕ್ಕೆ ಹೆದರಿದರೆ ಚೌಕಿಗೆ (ವೇಷ ಕಟ್ಟುವ ಕೋಣೆಗೆ) ಕರೆದೊಯ್ದು ಬಣ್ಣ ಹಚ್ಚುವುದನ್ನು ತೋರಿಸಿ. ಮನೆಗೆ ಬಂದು ಕನ್ನಡಿಯ ಮುಂದೆ ಆ ಮುಖಗಳನ್ನು ಇಬ್ಬರೂ ಮಾಡಿ, ಒಂದೊಂದಕ್ಕೂ ಹೆಸರಿಡಿ.

ಮದುವೆ, ಪೂಜೆ, ಜಾತ್ರೆಯಲ್ಲಿ ಮೂಲೆ ಹಿಡಿದು ಕೂರುತ್ತಾಳೆ.

ಹತ್ತು ಜನ ಒಟ್ಟಿಗೆ ಮಾತಾಡುವ ಚಾವಡಿಯಲ್ಲಿ ಮಿಷನ್ ಎಲ್ಲರ ಸ್ವರವನ್ನೂ ದೊಡ್ಡದು ಮಾಡುತ್ತದೆ. ಎಲ್ಲರೂ ನಕ್ಕಾಗ ಅವಳು ‘ಏನು?’ ಎಂದು ಕೇಳುತ್ತಾಳೆ. ಉತ್ತರ: ‘ಏನಿಲ್ಲ ಬಿಡು, ಮತ್ತೆ ಹೇಳ್ತೇನೆ.’ ಆ ‘ಮತ್ತೆ’ ಬರುವುದೇ ಇಲ್ಲ. ದೊಡ್ಡವರಾದ ಕಿವುಡರನ್ನು ಕೇಳಿದರೆ ಬಾಲ್ಯದಲ್ಲಿ ಬೈಗುಳಕ್ಕಿಂತ ಹೆಚ್ಚು ನೋಯಿಸಿದ್ದು ಈ ಮಾತೇ ಎನ್ನುವವರು ಬಹಳ. ‘ಏನಿಲ್ಲ ಬಿಡು’ ಎಂಬುದನ್ನು ನಿಮ್ಮ ಮನೆಯಲ್ಲಿ ನಿಷೇಧಿಸಿ. ಒಂದೇ ವಾಕ್ಯವಾದರೂ ಸರಿ, ಆಗಲೇ ಹೇಳಿ: ‘ಮಾವ ಜಾರಿ ಬಿದ್ದರಂತೆ, ಅದಕ್ಕೆ ನಗು.’ ಊಟಕ್ಕೆ ದುಂಡಗೆ ಕೂತು, ಮಾತಾಡುವವರು ಕೈ ಎತ್ತಿ ತೋರಿಸಿ ಶುರು ಮಾಡಿದರೆ ಯಾರ ಕಡೆ ನೋಡಬೇಕೆಂದು ಅವಳಿಗೆ ತಿಳಿಯುತ್ತದೆ.

ಜಾತ್ರೆಯ ಬೆಡಿಗೆ (ಸಿಡಿಮದ್ದಿಗೆ) ಮುಂಚಿತವಾಗಿ ಸಿದ್ಧಗೊಳಿಸಿ. ಶಬ್ದ ಕೇಳದಿದ್ದರೂ ಎದೆಗೆ ಗುದ್ದುತ್ತದೆ. ಕುಂಬಳೆ ಬೆಡಿಯಂಥ ಕಡೆ ದೂರ ನಿಂತು, ಮಿಷನ್ ತೆಗೆದು, ಕೈ ಹಿಡಿದು ನೋಡಿ.

ಶಾಲೆಯಲ್ಲಿ ಪಾಪದವನು, ಮನೆಗೆ ಬಂದ ಕೂಡಲೇ ಜಗಳ. ಯಾಕೆ?

ದಣಿವು. ಆರು ಗಂಟೆ ಹೊತ್ತು ಅರ್ಧ ಕೇಳಿ, ಅರ್ಧ ಊಹಿಸಿ ಬಂದಿದ್ದಾನೆ. ಬಂದ ಮೇಲೆ ಅರ್ಧ ಗಂಟೆ ಮಿಷನ್ ತೆಗೆದು, ತಿಂಡಿ ಕೊಟ್ಟು, ಪ್ರಶ್ನೆ ಕೇಳದೆ ಬಿಡಿ. ಹೋಮ್‌ವರ್ಕ್ ಆಮೇಲೆ.

ತರಗತಿಯನ್ನೂ ನೋಡಿ ಬನ್ನಿ. ಟೀಚರ ಸ್ವರ ಗದ್ದಲಕ್ಕಿಂತ ಸುಮಾರು 15 ಡೆಸಿಬಲ್ ಮೇಲಿದ್ದರೆ ಈ ಮಕ್ಕಳಿಗೆ ಸರಿಯಾಗಿ ತಿಳಿಯುತ್ತದೆ. ದೂರ ಇಮ್ಮಡಿಯಾದಾಗಲೆಲ್ಲ ಸ್ವರ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಶೀಟಿನ ಮಾಡಿನ ಮೇಲೆ ಆಟಿ ತಿಂಗಳ ಮಳೆ ಹೊಡೆಯುವಾಗ ಹಿಂದಿನ ಬೆಂಚಿನಲ್ಲಿ ಪಾಠವೇ ಇಲ್ಲ. ಎರಡನೇ ಸಾಲಿನ ಬದಿ, ಚೆನ್ನಾಗಿ ಕೇಳುವ ಕಿವಿ ತರಗತಿಯ ಕಡೆಗೆ, ಫ್ಯಾನಿನಿಂದ ದೂರ ಇರುವ ಜಾಗ ಕೇಳಿ. ಬೋರ್ಡಿಗೆ ಬರೆಯುತ್ತಲೇ ಮಾತಾಡಬೇಡಿ ಎಂದು ಮಾಸ್ಟ್ರಿಗೆ ವಿನಯದಿಂದ ಹೇಳಿ. ಟೀಚರ ಕೊರಳಿಗೆ ಹಾಕುವ ರಿಮೋಟ್ ಮೈಕ್ ಸಿಕ್ಕಿದರೆ ದಣಿವು ತುಂಬ ಇಳಿಯುತ್ತದೆ. ಬಿ.ಆರ್.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರನ್ನು ಶಾಲೆಯ ಮೂಲಕ ಕೇಳಿ.

ಕನ್ನಡದ ಜತೆಗೆ ಇಂಗ್ಲಿಷು, ಹಿಂದಿ, ಮಲಯಾಳ ಎಂದು ಹೊರೆ ಏರಿ ಮಗು ಕುಸಿಯುತ್ತಿದ್ದರೆ ಒಂದು ವಿಷಯ ತಿಳಿದಿರಲಿ: ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡುವುದನ್ನೂ, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ ಕೊಡುವುದನ್ನೂ ಹೆಸರಿಸಿಯೇ ಹೇಳುತ್ತದೆ. ಅರ್ಜಿಯಲ್ಲಿ ಆ ಸೆಕ್ಷನ್ ಬರೆಯಿರಿ.

‘ಕೆಪ್ಪ’, ‘ಪೊಟ್ಟ’ ಎಂದು ಕರೆಯುತ್ತಾರೆ.

ಮಲಯಾಳದ ‘ಪೊಟ್ಟನ್’ ಎಂಬ ಪದಕ್ಕೆ ಕಿವುಡ ಎಂದೂ ದಡ್ಡ ಎಂದೂ ಅರ್ಥವಿದೆ. ಮಕ್ಕಳು ಅದನ್ನು ಅರಿಯದೆ ಎತ್ತಿಕೊಳ್ಳುತ್ತಾರೆ, ಅದಕ್ಕೇ ದೊಡ್ಡವರು ತಿದ್ದಬೇಕು. ಮಗುವಿಗೆ ಮನೆಯಲ್ಲಿ ಮೂರು ಮಾತು ಅಭ್ಯಾಸ ಮಾಡಿಸಿ: ‘ನನಗೆ ಕಿವಿ ಕಡಿಮೆ ಕೇಳುತ್ತದೆ. ಇದು ಮಿಷನ್. ನನ್ನ ಮುಖ ನೋಡಿ ಮಾತಾಡು.’ ಟೀಚರಲ್ಲಿ ಒಂದು ಪೀರಿಯಡ್ ಕೇಳಿ, ಸ್ಟೆಥೊಕ್ಲಿಪ್ (ಮಿಷನ್ನಿನ ಸ್ವರ ಕೇಳಲು ಕಿವಿಗೆ ಹಾಕುವ ಕೊಳವೆ) ಹಾಕಿ ತರಗತಿಯ ಮಕ್ಕಳಿಗೆಲ್ಲ ಮಿಷನ್ನಿನ ಸ್ವರ ಕೇಳಿಸಿ. ಜೋರಾಗಿ ಕೇಳಿಸಿ ಕಿವಿ ನೋಯಿಸದಂತೆ ದೂರದಿಂದ, ಮೆಲ್ಲಗೆ ಮಾತಾಡಿ. ನೂರು ಗೆಳೆಯರು ಬೇಡ. ಎದುರು ನಿಂತು ಮಾತಾಡುವ ಒಬ್ಬ ಗೆಳೆಯ, ಮಿಷನ್ ಹಾಕಿದ ಇನ್ನೊಂದು ಮಗುವಿನ ಪರಿಚಯ, ಇಷ್ಟಾದರೆ ಬಹಳ.

ನಾಗದೋಷ ಎನ್ನುತ್ತಾರೆ, ಗ್ರಹಣ ಹೊತ್ತಿನಲ್ಲಿ ತಾಯಿ ಹೊರಗೆ ಹೋದದ್ದು ಎನ್ನುತ್ತಾರೆ. ತಾಯಿ ಕುಗ್ಗಿಹೋಗಿದ್ದಾಳೆ.

ತಾಯಿಯ ತಪ್ಪು ಇದರಲ್ಲಿಲ್ಲ. ವಂಶವಾಹಿ, ಬಸಿರಿನಲ್ಲಿ ತಗಲಿದ ರುಬೆಲ್ಲಾದಂಥ ಸೋಂಕು, ದಿನ ತುಂಬದ ಹೆರಿಗೆ, ಹುಟ್ಟಿದಾಗಿನ ವಿಪರೀತ ಕಾಮಾಲೆ, ಮೆದುಳುಪೊರೆಯ ಜ್ವರ, ಇವು ಕಾರಣಗಳು. ಎಷ್ಟೋ ಮಕ್ಕಳಲ್ಲಿ ಕಾರಣ ಸಿಗುವುದೇ ಇಲ್ಲ. ಆಶ್ಲೇಷಾ ಬಲಿ ಮಾಡಿಸುವ ಮನಸ್ಸಿದ್ದರೆ ಮಾಡಿಸಿ, ಆದರೆ ಪರೀಕ್ಷೆಯನ್ನು ಅದಕ್ಕಾಗಿ ಮುಂದೂಡಬೇಡಿ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಮಿಷನ್ ಮತ್ತು ತರಬೇತಿ ಎಂಬುದು ಲೆಕ್ಕ. ದಾಟಿದ್ದರೆ ಇವತ್ತೇ ಹೊರಡಿ.

ತಾಯಿಯ ನಿದ್ದೆ, ಊಟ ಕೆಟ್ಟಿದ್ದರೆ ಅದನ್ನು ಸರಿಪಡಿಸುವುದೂ ಮಗುವಿನ ಚಿಕಿತ್ಸೆಯ ಭಾಗವೇ. 14416ಕ್ಕೆ ಫೋನ್ ಮಾಡಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೂ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಪಾಪ, ಕಿವಿ ಕೇಳದ ಮಗು. ಗದರಿಸಬಹುದೇ?

ಗದರಿಸಬಹುದು, ನಿಯಮ ಅದಕ್ಕೆ ಮೊದಲೇ ಅರ್ಥವಾಗಿದ್ದರೆ. ಅಣ್ಣನಿಗೆ ಯಾವ ನಿಯಮವೋ ತಮ್ಮನಿಗೂ ಅದೇ. ಪಾಪ ಎಂದು ಬಿಟ್ಟುಕೊಟ್ಟರೆ ಎರಡು ಮಕ್ಕಳೂ ಕೆಡುತ್ತಾರೆ, ಒಂದು ದರ್ಪದಿಂದ, ಇನ್ನೊಂದು ಹೊಟ್ಟೆಕಿಚ್ಚಿನಿಂದ. ಕಿವಿಗೆ, ಕೆನ್ನೆಗೆ ಹೊಡೆಯಲೇಬೇಡಿ.

ಕರೆದರೆ ತಿರುಗುವುದಿಲ್ಲ, ತನ್ನಷ್ಟಕ್ಕೆ ಆಡುತ್ತದೆ. ಆಟಿಸಂ ಇರಬಹುದೇ?

ಮೊದಲು ಕಿವಿ. ಒಎಇ, ಬೆರಾ ಎಂಬ, ಮಗು ಉತ್ತರ ಕೊಡಬೇಕಿಲ್ಲದ ಕಿವಿ ಪರೀಕ್ಷೆಗಳು ಆಗದೆ ಯಾರೂ ತೀರ್ಮಾನ ಹೇಳಬಾರದು. ಬರೀ ಕಿವುಡಾದ ಮಗು ಮುಖ ಹುಡುಕುತ್ತದೆ, ಬೆರಳು ತೋರಿಸಿ ‘ನೋಡು’ ಎನ್ನುತ್ತದೆ, ಕೈ ಎಳೆದು ಕರೆದೊಯ್ದು ನಿಮ್ಮ ಮುಖ ನೋಡುತ್ತದೆ. ಇವೂ ಇಲ್ಲದಿದ್ದರೆ ಎರಡೂ ಇರಬಹುದು, ಎರಡಕ್ಕೂ ಚಿಕಿತ್ಸೆ ಬೇಕು. ಎಣ್ಮಕಜೆ, ಬೆಳ್ಳೂರು ಮೊದಲಾದ ಎಂಡೋಸಲ್ಫಾನ್ ಬಾಧಿತ ಪಂಚಾಯತುಗಳಲ್ಲಿ ಬಡ್ಸ್ ಶಾಲೆಗೆ (ಬುದ್ಧಿಬೆಳವಣಿಗೆಯ ತೊಂದರೆಯುಳ್ಳ ಮಕ್ಕಳ ವಿಶೇಷ ಶಾಲೆಗೆ) ಹೋಗುವ ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬೇರೆ ವೈಕಲ್ಯದ ಅಡಿಯಲ್ಲಿ ಕಿವಿಯ ತೊಂದರೆ ಕಾಣದೆ ಉಳಿಯಬಹುದು.

ಮಗಳಿಗೆ 14. ಮಿಷನ್ ಹಾಕುವುದೇ ಇಲ್ಲ ಎನ್ನುತ್ತಾಳೆ.

ಹಾಕು ಎಂದು ದಿನಾ ಹೇಳುವುದನ್ನು ನಿಲ್ಲಿಸಿ, ಎಲ್ಲಿ ಹಾಕಿದರೆ ಅನುಕೂಲ, ಎಲ್ಲಿ ಮುಜುಗರ ಎಂದು ಅವಳಿಂದಲೇ ಕೇಳಿ. ಬಣ್ಣ, ಅಚ್ಚು ಅವಳೇ ಆರಿಸಲಿ. ಆಡಿಯಾಲಜಿಸ್ಟ್ ಜತೆ ಅವಳೇ ಮಾತಾಡಲಿ, ನೀವು ಪಕ್ಕದಲ್ಲಿರಿ ಸಾಕು.

ನಮ್ಮ ಮಗುವಿಗೆ ಯಾರಾದರೂ ಕೆಟ್ಟದ್ದು ಮಾಡಿದರೆ ಹೇಳಲು ಬರುತ್ತದೆಯೇ?

ಹೇಳಲು ಬಾರದ ಮಗುವನ್ನೇ ಕೆಡುಕರು ಆರಿಸುತ್ತಾರೆ. ಆದ್ದರಿಂದ ದೇಹದ ಎಲ್ಲ ಭಾಗಗಳಿಗೂ ಹೆಸರು ಅಥವಾ ಸನ್ನೆ ನಾಲ್ಕೈದು ವರ್ಷಕ್ಕೇ ಕಲಿಸಿ, ಗುಪ್ತಾಂಗ ಸಹಿತ. ‘ಬೇಡ’, ‘ಯಾರು’, ‘ಎಲ್ಲಿ’, ‘ಮುಟ್ಟಿದರು’, ‘ನೋವು’, ಈ ಐದನ್ನು ಗಟ್ಟಿ ಮಾಡಿಸಿ. ಒಬ್ಬರನ್ನು ಕಂಡರೆ ಅಡಗುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಶಾಲೆಯ ವ್ಯಾನು ಹತ್ತಲು ಒಮ್ಮೆಲೇ ನಿರಾಕರಿಸುವುದು ಕಂಡರೆ ಹಠ ಎಂದು ತಳ್ಳಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ, ಮಗುವಿನ ಸನ್ನೆ ಬಲ್ಲವರ ಸಹಾಯ ಕೇಳುವ ಅವಕಾಶ ಅದರಲ್ಲಿದೆ. ಮನೆಯವರೇ ದುಭಾಷಿಯಾಗಲು ಹೋಗಬೇಡಿ.

ಎಲ್ಲಿಗೆ ಹೋಗುವುದು?

ಎರಡು ವಾರಕ್ಕಿಂತ ಹೆಚ್ಚು ಕಾಲ ಆಟ, ಊಟ, ನಿದ್ದೆ ಬಿಟ್ಟರೆ, ತನ್ನನ್ನು ತಾನೇ ನೋಯಿಸಿಕೊಂಡರೆ, ಸಾಯುವ ಮಾತಾಡಿದರೆ ತಡ ಮಾಡಬೇಡಿ. ಕೊನೆಯ ಎರಡಕ್ಕೆ ಅದೇ ದಿನ ಹೋಗಿ. ಸಣ್ಣ ಮಕ್ಕಳಿಗೆ ಆಶಾ ಕಾರ್ಯಕರ್ತೆಯ ಮೂಲಕ ಜಿಲ್ಲೆಯ ಆರಂಭಿಕ ಹಸ್ತಕ್ಷೇಪ ಕೇಂದ್ರ. 5 ವರ್ಷದೊಳಗಿನವರ ಕಾಕ್ಲಿಯರ್ ಇಂಪ್ಲಾಂಟಿಗೆ (ಆಪರೇಷನ್ ಮಾಡಿ ಒಳಕಿವಿಯಲ್ಲಿ ಇಡುವ ಸಾಧನಕ್ಕೆ) ಕೇರಳದ ಶ್ರುತಿತರಂಗಂ ಯೋಜನೆ. ಚೆರ್ಕಳದಲ್ಲಿ ಮಾರ್ತೋಮಾ ಕಿವುಡರ ಶಾಲೆಯಿದೆ. ಕನ್ನಡದಲ್ಲೇ ತರಬೇತಿ ಬೇಕಾದವರಿಗೆ ಮಂಗಳೂರಿನ ವಾಕ್ ಶ್ರವಣ ಕಾಲೇಜುಗಳು, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮೈಸೂರಿನದು ಕೇಂದ್ರ ಸರಕಾರದ್ದು, ಕೇರಳದವರೆಂಬ ಅಡ್ಡಿಯಿಲ್ಲ.

ಮನೋವೈದ್ಯರು ಎಸ್‌ಡಿಕ್ಯೂ ಎಂಬ, ಮಗುವಿನ ನಡವಳಿಕೆ ಮತ್ತು ಭಾವನೆಗಳ ಬಗೆಗಿನ 25 ಪ್ರಶ್ನೆಗಳ ಹಾಳೆ ಕೊಡಬಹುದು. ಹಿರಿಯರು ಹೇಳಿದ್ದನ್ನು ಮಾಡುತ್ತದೆಯೇ ಎಂಬಂಥ ಪ್ರಶ್ನೆಗೆ ಟಿಕ್ ಹಾಕುವ ಮೊದಲು ‘ಹೇಳಿದ್ದು ಕೇಳಿಸಿತ್ತೇ’ ಎಂದು ಪಕ್ಕದಲ್ಲಿ ಬರೆಯಿರಿ. ಆಡಿಯೊಗ್ರಾಮ್ (ಕಿವಿ ಪರೀಕ್ಷೆಯ ನಕ್ಷೆ), ಒಂದು ವಾರದ ಸಿಟ್ಟಿನ ಪುಸ್ತಕ, ಮನೆಯಲ್ಲಿ ತೆಗೆದ ಎರಡು ನಿಮಿಷದ ವೀಡಿಯೊ ಒಂದು, ಹೊಸ ಸೆಲ್ಲು ಹಾಕಿದ ಮಿಷನ್, ಇಷ್ಟು ಚೀಲದಲ್ಲಿರಲಿ. ಹೊರಡುವ ಹಿಂದಿನ ರಾತ್ರಿ ಹಗ್ಗಕ್ಕೆ ಆಸ್ಪತ್ರೆಯ ಫೋಟೊ ಸಿಕ್ಕಿಸಲು ಮರೆಯಬೇಡಿ.